ಮುಖಪುಟಗಳ ಮೇಲಿನ ವಿಭೂತಿ

ಈ ಸಂಗತಿ ನಡೆದ ವರ್ಷದ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ನನ್ನ ಅಣ್ಣನ ಪ್ರಕಾರ ಅದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೂ ಹಿಂದಿನ ನವರಾತ್ರಿ. ಅಕ್ಕನ ಪ್ರಕಾರ ಸಕ್ಕರೆಗೂ ಸೀಮೆಎಣ್ಣೆಗೂ ಪಡಿತರ ಚೀಟಿ ಬಂದ ನಂತರದ್ದು. ಇಬ್ಬರ ನೆನಪೂ ತಪ್ಪು. ಆ ದಿನ ಪೂಜೆಗೆ ಕೂತ ಇಂಗ್ಲಿಷ್ ಮಾಸಪತ್ರಿಕೆಗಳಲ್ಲಿ ಕೊನೆಯ ಕೆಲವು ಯುದ್ಧಕಾಲದ ತೆಳು ಕಾಗದದಲ್ಲಿ ಅಚ್ಚಾದವು. ಅವು ಈಗ ನನ್ನ ಮೇಜಿನ ಮೇಲೇ ಇವೆ. ಬೆಳಕಿಗೆ ಹಿಡಿದರೆ ಹಿಂದಿನ ಪುಟದ ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತವೆ. ಆದ್ದರಿಂದ ಅಣ್ಣನ ಮಾತು ನಿಲ್ಲುವುದಿಲ್ಲ. ಇನ್ನು ಅಕ್ಕನದು. ಆ ಮಧ್ಯಾಹ್ನ ಪೂಜೆ ಮುಗಿಯದೆ ಎಲ್ಲರೂ ಹಸಿದು ಕೂತಿದ್ದಾಗ ಅಡುಗೆಮನೆಯ ದೊಡ್ಡ ಬೋಗುಣಿಯಲ್ಲಿ ಸಜ್ಜಿಗೆ ಆರಿ ಗಟ್ಟಿಯಾಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಪಡಿತರದ ಸಕ್ಕರೆಯಲ್ಲಿ ಅಷ್ಟು ಸಜ್ಜಿಗೆ ಮಾಡಲಾಗದು. ಹಾಗಾಗಿ ಯುದ್ಧ ಶುರುವಾದ ಮೇಲಿನ, ಪಡಿತರ ಬರುವ ಮೊದಲಿನ ಒಂದು ನವರಾತ್ರಿ ಎಂದಷ್ಟೇ ನಾನು ಖಚಿತವಾಗಿ ಹೇಳಬಲ್ಲೆ.

ನಮ್ಮವರು ವರ್ಷದ ಬಗ್ಗೆ ಎಷ್ಟು ಹೊತ್ತಾದರೂ ವಾದಿಸುತ್ತಾರೆ. ಆ ದಿನ ನಡೆದದ್ದೇನು ಎಂಬ ಬಗ್ಗೆ ವಾದಿಸುವುದಿಲ್ಲ. ಅದು ಎಲ್ಲರ ಕಣ್ಣೆದುರಿಗೆ ನಡೆಯಿತು.

ಮಧುಗಿರಿಯ ಕೋಟೆಬಂಡೆಯ ಕೆಳಗಿನ ಬೀದಿಯಲ್ಲಿ ನಮ್ಮ ಮನೆ ಇತ್ತು. ಮುಂಭಾಗದಲ್ಲಿ ಮಂಡಿ, ಹಿಂದೆ ವಾಸ. ಹುಣಸೆಹಣ್ಣು ಮತ್ತು ಕಡಲೆಕಾಯಿ ನಮ್ಮ ವ್ಯಾಪಾರ. ಪಾವಗಡದ ಕಡೆಯಿಂದ ಕಡಲೆಕಾಯಿಯ ಗಾಡಿಗಳು ಬಂದಾಗ ಬೀದಿಯಲ್ಲಿ ಕನ್ನಡಕ್ಕಿಂತ ತೆಲುಗೇ ಹೆಚ್ಚು ಕೇಳುತ್ತಿತ್ತು. ಮಂಡಿಯನ್ನು ನಡೆಸುತ್ತಿದ್ದವರು ನನ್ನ ತಂದೆ. ಹಿರಿಯ ಮಗನಾಗಿ ನಡೆಸಬೇಕಾಗಿದ್ದವರು ದೊಡ್ಡಪ್ಪ. ಅವರಿಗೆ ವ್ಯಾಪಾರ ಹತ್ತಲಿಲ್ಲ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ವಯಸ್ಸಿನಲ್ಲಿದ್ದಾಗ ಯಾರೋ ಇಂಗ್ಲಿಷ್ ಅಧಿಕಾರಿ ಊರು ಬಿಡುವಾಗ ಮಾರಿದ ಕ್ಯಾಮೆರಾ ಒಂದನ್ನು ಕೊಂಡು, ಮಿಡಿಗೇಶಿಯ ಕೋಟೆ, ಸಿದ್ದರಬೆಟ್ಟದ ಗುಹೆ, ತೋವಿನಕೆರೆಯ ಸಂತೆಗೆ ಬಂದ ದನಗಳು ಎಂದು ಕಂಡದ್ದನ್ನೆಲ್ಲ ತೆಗೆಯುತ್ತಾ ಅಲೆದವರು. ಆ ಕ್ಯಾಮೆರಾ ನನ್ನ ನೆನಪು ಶುರುವಾಗುವ ಮೊದಲೇ ಮನೆಯಿಂದ ಹೋಗಿತ್ತು. ಉಳಿದದ್ದು ಪತ್ರಿಕೆಗಳು.

ಛಾಯಾಚಿತ್ರದ ಹವ್ಯಾಸಿಗಳಿಗೆಂದೇ ಲಂಡನ್ನಿನಲ್ಲಿ ಅಚ್ಚಾಗುತ್ತಿದ್ದ ಮಾಸಪತ್ರಿಕೆ ಅದು. ಹಡಗಿನಲ್ಲಿ ಬೊಂಬಾಯಿಗೆ, ರೈಲಿನಲ್ಲಿ ತುಮಕೂರಿಗೆ, ಅಲ್ಲಿಂದ ಮೋಟಾರಿನಲ್ಲಿ ನಮ್ಮೂರಿಗೆ ಬರುವಷ್ಟರಲ್ಲಿ ಜನವರಿಯ ಸಂಚಿಕೆಗೆ ಶಿವರಾತ್ರಿ ಕಳೆದಿರುತ್ತಿತ್ತು. ಕ್ಯಾಮೆರಾ ಹೋದ ಮೇಲೂ ದೊಡ್ಡಪ್ಪ ಚಂದಾ ನಿಲ್ಲಿಸಲಿಲ್ಲ. ದೊಡ್ಡಮ್ಮನ ಕಡೆಯಿಂದ ಬಂದಿದ್ದ ಸಣ್ಣ ಹುಣಸೆ ತೋಪಿನ ಉತ್ಪತ್ತಿ ಅವರ ಕೈಗೇ ಸೇರುತ್ತಿತ್ತು. ಅದು ಲಂಡನ್ನಿಗೆ ಹೋಗುತ್ತಿತ್ತು.

ಅವರು ಆ ಸಂಚಿಕೆಗಳನ್ನು ಕಾಪಾಡುತ್ತಿದ್ದ ರೀತಿಯನ್ನು ಮುಂದೆ ನಾನು ಹಸ್ತಪ್ರತಿ ಭಂಡಾರಗಳಲ್ಲೂ ಹೆಚ್ಚು ಕಡೆ ಕಾಣಲಿಲ್ಲ. ಬಂದ ದಿನವೇ ಬೆನ್ನಿನ ಕಬ್ಬಿಣದ ಪಿನ್ನುಗಳನ್ನು ಬಿಚ್ಚಿ, ಅದೇ ತೂತುಗಳಲ್ಲಿ ಹತ್ತಿಯ ದಾರ ಹೊಲಿಯುತ್ತಿದ್ದರು, ತುಕ್ಕು ಕಾಗದವನ್ನು ತಿನ್ನಬಾರದೆಂದು. ಹಳೆಯ ಪಂಚೆಯಲ್ಲಿ ಸುತ್ತಿ, ನಡುನಡುವೆ ಹುಳ ಬಾರದಂತೆ ಒಣಗಿದ ಲಕ್ಕಿಸೊಪ್ಪು, ಬಜೆಯ ತುಂಡು ಇಟ್ಟು ತಗಡಿನ ಪೆಟ್ಟಿಗೆಗೆ ಸೇರಿಸುತ್ತಿದ್ದರು. ಪೆಟ್ಟಿಗೆಯ ಕೆಳಗೆ ನಾಲ್ಕು ಕಲ್ಲು, ಕಲ್ಲಿನ ಸುತ್ತ ಗೆದ್ದಲಿಗೆಂದು ಬೂದಿ. ವರ್ಷಕ್ಕೊಮ್ಮೆ ಗಾಳಿಗೆ ಹರಡಿದರೂ ಬಿಸಿಲು ತಾಕಿಸುತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಅವರ ಕಟ್ಟಳೆ ಒಂದೇ: ಒದ್ದೆ ಕೈಯಲ್ಲಿ ಪತ್ರಿಕೆ ಮುಟ್ಟಬಾರದು. ನಾಲಿಗೆಗೆ ಬೆರಳು ತಾಕಿಸಿ ಪುಟ ತಿರುವಿದ ನೆಂಟರೊಬ್ಬರ ಕೈಯಿಂದ ಅವರು ಸಂಚಿಕೆಯನ್ನು ಕಿತ್ತುಕೊಂಡದ್ದನ್ನು ಅಪ್ಪ ಹತ್ತು ಜನರ ಮುಂದೆ ಅಭಿನಯಿಸಿ ತೋರಿಸುತ್ತಿದ್ದರು. ಒದ್ದೆ ಕೈ ಎಂದರೆ ತಮ್ಮ ಆ ಅಣ್ಣನಿಗೆ ಏನಾಗುತ್ತದೆಂದು ಅಪ್ಪನಷ್ಟು ಚೆನ್ನಾಗಿ ತಿಳಿದವರು ಇನ್ನೊಬ್ಬರಿರಲಿಲ್ಲ.

ನಾನು ಹೈಸ್ಕೂಲು ಸೇರುವ ವೇಳೆಗೆ ದೊಡ್ಡಪ್ಪನ ದೃಷ್ಟಿ ಹೋಗುತ್ತಾ ಬಂದಿತ್ತು. ಬೆಂಗಳೂರಿನ ವೈದ್ಯರು ಇದು ಪೊರೆಯಲ್ಲ, ನರವೇ ಒಣಗುತ್ತಿದೆ, ಕತ್ತರಿಸಿ ತೆಗೆಯುವಂಥದ್ದೇನೂ ಇಲ್ಲ ಎಂದು ಕಳಿಸಿದ್ದರು. ಕಿಟಕಿ ಎಲ್ಲಿದೆ, ಬಾಗಿಲಲ್ಲಿ ಯಾರಾದರೂ ನಿಂತಿದ್ದಾರೆಯೇ ಎಂಬುದು ತಿಳಿಯುತ್ತಿತ್ತು. ನಿಂತವರು ಯಾರೆಂಬುದು ತಿಳಿಯುತ್ತಿರಲಿಲ್ಲ. ಹಾಗಾಗಿ ಪತ್ರಿಕೆ ಓದಿ ಹೇಳುವ ಕೆಲಸ ನನಗೆ ಬಂತು. ನನ್ನ ಇಂಗ್ಲಿಷ್ ಬೆಳೆದದ್ದು ಹಾಗೆ. ಮಂಜು ಕವಿದ ಊರಿನಲ್ಲಿ ಎಷ್ಟು ಹೊತ್ತು ಮಸೂರ ತೆರೆದಿಡಬೇಕು, ಬಿಸಿಲು ಬರುವವರೆಗೆ ತಾಳ್ಮೆಯಿಂದ ಕಾಯುವುದು ಹೇಗೆ ಎಂದು ನಾನು ತಡವರಿಸಿ ಓದಿದರೆ ಅವರು ನಗುತ್ತಿದ್ದರು.

“ಪಾಪ, ಅವ್ರು ಬಿಸ್ಲು ಬರ್ಲಿ ಅಂತ ಕಾಯ್ತಾರೆ ಕಣವ್ವ. ನಾವು ಹೋಗ್ಲಿ ಅಂತ ಕಾಯ್ತೀವಿ.”

ಅಂಥ ಮಾತು ಅವರು ಆಡುತ್ತಿದ್ದುದು ನನ್ನೊಡನೆ ಮಾತ್ರ. ಊಟದ ಪಂಕ್ತಿಯಲ್ಲಿ ಅವರು ಬಾಯಿ ಬಿಡುತ್ತಿರಲಿಲ್ಲ, ಏಕೆಂದರೆ ಅಲ್ಲಿ ಮಾತು ಅಪ್ಪನದು. ಮಂಡಿಗೆ ಮಾಲು ತಂದ ರೈತರಿಗೆ ನಮ್ಮಲ್ಲಿಯೇ ಊಟ. ಪಾವಗಡದವರು, ಕೊರಟಗೆರೆಯವರು ಎಲ್ಲ ಸಾಲಾಗಿ ಕೂತಾಗ ಅಪ್ಪ ಕೊನೆಯ ಎಲೆಯ ಕಡೆ ಕೈ ತೋರಿಸಿ, “ನಮ್ಮಣ್ಣಯ್ಯ ಉಣ್ಣಾದು ಮದುಗಿರೀಲಿ, ಓದಾದು ಲಂಡನ್ನಾಗೆ” ಎನ್ನುತ್ತಿದ್ದರು. ಜನ ನಗುತ್ತಿದ್ದರು. ಮುದ್ದೆಯ ಮೇಲೆ ಇನ್ನಷ್ಟು ತುಪ್ಪ ಬಡಿಸಲು ಅಪ್ಪನೇ ಹೇಳುತ್ತಿದ್ದರು, “ಆಕವ್ವ, ಅಣ್ಣಯ್ಯಂಗೆ ಆಕು, ಕಣ್ಗೆ ಒಳ್ಳೇದು.” ತುಪ್ಪ ಬೀಳುತ್ತಿತ್ತು. ದೊಡ್ಡಪ್ಪ ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಅಣ್ಣನಿಗೆ ಎರಡು ಹೊತ್ತು ಅನ್ನ ಹಾಕಿದೆ ಎಂದು ಹೇಳಿಕೊಳ್ಳಲು ಅಪ್ಪನಿಗೆ ಅಣ್ಣ ಆ ಪಂಕ್ತಿಯಲ್ಲಿ ದಿನವೂ ಬೇಕಾಗಿದ್ದರು. ಇದನ್ನು ನಾನು ಆಗಲೇ ಅರಿತಿದ್ದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಬಹಳ ವರ್ಷಗಳ ಮೇಲೆ, ಇಬ್ಬರೂ ಇಲ್ಲವಾದ ಮೇಲೆ, ಆಗಿನ ಒಂದೊಂದು ಮಾತನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ತಿಳಿದದ್ದು.

ಶಿರಾದಲ್ಲಿ ಫೋಟೋ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ನಮ್ಮ ಬೀದಿಯ ಮದುವೆಯೊಂದಕ್ಕೆ ಪಟ ತೆಗೆಯಲು ಬಂದವರು ಪತ್ರಿಕೆಗಳ ಸುದ್ದಿ ಕೇಳಿ ನಮ್ಮ ಮನೆಗೆ ಬಂದರು. ಶುರುವಿನ ಸಂಚಿಕೆಯಿಂದ ಒಂದೂ ಬಿಡದ ಸಂಗ್ರಹ ಇಡೀ ಸಂಸ್ಥಾನದಲ್ಲಿ ಎಷ್ಟು ಕಡೆ ಇದೆಯೋ ಎಂದರು. ದೊಡ್ಡಪ್ಪ ಅವರನ್ನು ಹಿತ್ತಲ ಜಗಲಿಗೆ ಕರೆದೊಯ್ದು, ಪಂಚೆ ಹಾಸಿ, ಪೆಟ್ಟಿಗೆ ತೆರೆಸಿದರು. ಸಾಹೇಬರು ಕೇಳದೆಯೇ ಕೈ ತೊಳೆದು, ವಸ್ತ್ರದಲ್ಲಿ ಒರೆಸಿ, ಆರುವವರೆಗೆ ಕಾದು, ಆಮೇಲೆ ಮೊದಲ ಸಂಚಿಕೆ ಎತ್ತಿಕೊಂಡರು. ದೊಡ್ಡಪ್ಪನಿಗೆ ಅದು ಕಾಣಲಿಲ್ಲ. ನೀರಿನ ಸದ್ದು, ಆಮೇಲೆ ಬಹಳ ಹೊತ್ತು ಸುಮ್ಮನಿದ್ದದ್ದು, ಅದರಿಂದಲೇ ಅವರಿಗೆ ತಿಳಿಯಿತು. ಅವರ ಮುಖ ಸಡಿಲವಾಯಿತು.

ಬೆಲೆ ಕಟ್ಟುವುದೆಂದರೆ ತಕ್ಕಡಿಯಲ್ಲಿ ಇಡುವುದು ಎಂದಷ್ಟೇ ನಾನು ತಿಳಿದಿದ್ದೆ. ಸಾಹೇಬರು ತೂಗಲಿಲ್ಲ. ಮೊದಲು ಮುಖಪುಟ ನೋಡಿದರು: ಬಣ್ಣ, ಮೂಲೆ, ಕಲೆ. ನಡುವೆ ಸೇರಿಸಿರುತ್ತಿದ್ದ ದಪ್ಪ ಕಾಗದದ ದೊಡ್ಡ ಪಟವನ್ನು ಯಾರಾದರೂ ಕಿತ್ತುಕೊಂಡಿದ್ದಾರೆಯೇ ಎಂದು ಬೆನ್ನನ್ನು ಸವರಿದರು. ಹಿಂದಿನ ಜಾಹೀರಾತುಗಳೆಲ್ಲ ಇವೆಯೇ ಎಂದು ತಿರುವಿದರು. ಮೂಸಿ ನೋಡಿದರು. ಯುದ್ಧಕಾಲದ ಸಂಚಿಕೆಗಳನ್ನು ಮಾತ್ರ ಕೈಯಲ್ಲಿ ತೂಗಿದಂತೆ ಮಾಡಿ, ಕಾಗದ ಬಡವಾಗಿದೆ ಎಂದು ಲೊಚಗುಟ್ಟಿದರು. ಕೊನೆಗೆ ಅವರು ಹೇಳಿದ ಬೆಲೆಗೆ ದೊಡ್ಡಪ್ಪ ಚೌಕಾಸಿ ಮಾಡಲಿಲ್ಲ. ಅವರು ಕೇಳಿದ್ದು ಬೇರೆಯದು.

ಸಾಹೇಬರ ಅಂಗಡಿಗೆ ಶಿರಾ, ಹಿರಿಯೂರು ಕಡೆಯ ಅಧಿಕಾರಿಗಳು, ಜಮೀನ್ದಾರರು, ಕ್ಯಾಮೆರಾದ ಗೀಳಿನವರು ಬಂದು ಕೂರುತ್ತಿದ್ದರು. ಅವರಿಗೆಲ್ಲ ತಿರುವಿ ನೋಡಲು ಈ ಸಂಗ್ರಹವನ್ನು ಅಂಗಡಿಯಲ್ಲಿ ಜೋಡಿಸಿಡಬೇಕೆಂದು ಸಾಹೇಬರ ಆಸೆ. ಯಾವ ವಿಷಯ ಯಾವ ವರ್ಷದ ಯಾವ ತಿಂಗಳಲ್ಲಿದೆ ಎಂಬುದು ದೊಡ್ಡಪ್ಪನಿಗೆ ಬಾಯಿಪಾಠ. ಅವರೂ ಜೊತೆಗೆ ಬಂದು, ಅಂಗಡಿಯ ಮೇಲಿನ ಕೋಣೆಯಲ್ಲಿದ್ದು, ಕೇಳಿದವರಿಗೆ ಹೇಳುತ್ತಾ ಇರಲಿ ಎಂದು ಮಾತಾಯಿತು. ಕೋಣೆಗೆ ಬೇರೆ ಮೆಟ್ಟಿಲು, ಬೇರೆ ಒಲೆ, ಅಡುಗೆ ಅವರದೇ. ಸಂಗ್ರಹದ ಬೆಲೆಯಲ್ಲಿ ಕೋಣೆಯ ಬಾಡಿಗೆ ಮುರಿದುಕೊಳ್ಳುವುದು. ಹೀಗೆ ದೊಡ್ಡಪ್ಪ ಯಾರ ಪಂಕ್ತಿಯಲ್ಲೂ ಕೂರಬೇಕಾಗಿರಲಿಲ್ಲ. ಅಂದು ಸಂಜೆ ಅವರು ನನ್ನನ್ನು ಕರೆದು, ಶಿರಾದಲ್ಲಿ ಬೆಳಗಿನ ಬೆಳಕು ಯಾವ ಕಡೆಯಿಂದ ಆ ಕೋಣೆಗೆ ಬೀಳಬಹುದೆಂದು ಲೆಕ್ಕ ಹಾಕಿ ಹೇಳಿದರು. ಅವರಿಗೆ ಆಗ ಬೆಳಕು ಮಾತ್ರ ಉಳಿದಿತ್ತು. ಆದ್ದರಿಂದ ಅದರ ವಿಚಾರ ಹೇಳಿದರು.

ಅಪ್ಪ ಬೇಡವೆನ್ನಲಿಲ್ಲ. ಅಜ್ಜಿ ಮಾತ್ರ, ಹೆತ್ತ ಮಗ ಸಾಬರ ಅಟ್ಟದ ಮೇಲೆ ಒಲೆ ಹೂಡುವುದೇ ಎಂದು ಕಣ್ಣೀರು ಹಾಕಿದರು. ಅಪ್ಪನೇ ಅವರನ್ನು ಸಮಾಧಾನ ಮಾಡಿದರು. ಸಾಹೇಬರ ಕೈಗೆ ಎಲೆ ಅಡಿಕೆ ಕೊಟ್ಟು, “ಆಯುಧಪೂಜೆ ಒಂದು ಕಳೀಲಿ ಸಾಹೇಬ್ರೆ. ಮನೆಗೆ ಹಿರೇಮಗ, ಅವ್ನೇ ಪೂಜೆಗೆ ಕೂರ್ಬೇಕು. ಅದಾದ್ಮೇಲೆ ನಾನೇ ಗಾಡಿ ಕಟ್ಸಿ ಕಳುಸ್ಕೊಡ್ತೀನಿ” ಎಂದರು. ಅಷ್ಟು ಮೃದುವಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆ ವಾರ ಮಂಡಿಯಲ್ಲಿ ಯಾರೋ, ಅಣ್ಣನ್ನ ಮನೆಯಿಂದ ಆಚೆಗೆ ಹಾಕ್ತಿದ್ದೀಯಂತೆ ಎಂದು ನಗುತ್ತಾ ಕೇಳಿದರಂತೆ. ಅಪ್ಪನೂ ನಕ್ಕರಂತೆ. ಇದು ಮಂಡಿಯಲ್ಲಿ ಮೂಟೆ ಹೊಲಿಯುತ್ತಿದ್ದವನು ಆಮೇಲೆ ಹೇಳಿದ್ದು. ಅವನ ಮಾತನ್ನು ಅನುಮಾನಿಸಲು ನನಗೆ ಕಾರಣ ಸಿಕ್ಕಿಲ್ಲ.

ನಮ್ಮ ಮನೆಯ ಆಯುಧಪೂಜೆಯ ಪದ್ಧತಿಯನ್ನು ಇಲ್ಲಿ ವಿವರಿಸಬೇಕು. ನಡುಮನೆಯಲ್ಲಿ ಕಂಬಳಿ ಹಾಸಿ, ತಕ್ಕಡಿ, ಕಲ್ಲು, ಹುಣಸೆ ಕುಟ್ಟುವ ಕೊಡತಿ, ಕಬ್ಬಿಣದ ಪೆಟ್ಟಿಗೆಯ ಬೀಗದಕೈ, ಲೆಕ್ಕದ ಪುಸ್ತಕ ಎಲ್ಲವನ್ನೂ ತರುತ್ತಿದ್ದರು. ಮನೆಯ ಹಿರಿಯ ಗಂಡಸು ಪೂರ್ವಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂರಬೇಕು. ಕಿರಿಯವನು ಒಂದೊಂದನ್ನೇ ಅವರ ಕೈಗೆ ಕೊಡಬೇಕು. ಹಿರಿಯರು ನೀರಿನಲ್ಲಿ ಕಲಸಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಅದರ ಮೇಲೆ ಮೂರು ಗೆರೆ ಎಳೆದು, ನಡುವೆ ಕುಂಕುಮ ಇಟ್ಟು ಕೆಳಗಿಡಬೇಕು. ಮೊದಲ ಗೆರೆ ಎಳೆದ ಮೇಲೆ ಮಂಗಳಾರತಿಯವರೆಗೆ ಅವರು ಏಳುವಂತಿಲ್ಲ, ಶಿವನಾಮ ಬಿಟ್ಟು ಬೇರೆ ಮಾತಾಡುವಂತಿಲ್ಲ. ಅಲ್ಲಿಯವರೆಗೆ ಮನೆಮಂದಿಗೆಲ್ಲ ಉಪವಾಸ. ಇನ್ನೊಂದು ಕಟ್ಟಳೆ: ಒಮ್ಮೆ ಪೂಜೆಗೆ ಕೂತ ವಸ್ತುವನ್ನು ಅದು ಮನೆಯಲ್ಲಿರುವಷ್ಟು ಕಾಲ ಮತ್ತೆ ಬಿಡುವಂತಿಲ್ಲ. ಮುತ್ತಾತನ ಕಾಲದ, ದಂಡಿಗೆ ಮುರಿದ ತಕ್ಕಡಿಯೊಂದು ಯಾವ ಉಪಯೋಗಕ್ಕೂ ಬಾರದೆ ಅಟ್ಟದ ಮೇಲಿದ್ದು, ವರ್ಷಕ್ಕೊಮ್ಮೆ ಇಳಿದು ವಿಭೂತಿ ಹಚ್ಚಿಸಿಕೊಂಡು ಮತ್ತೆ ಅಟ್ಟ ಸೇರುತ್ತಿತ್ತು.

ಆ ದಿನ ದೊಡ್ಡಪ್ಪ ಮಡಿಯುಟ್ಟು ಬಂದು ಮಣೆಯ ಮೇಲೆ ಕೂತಾಗ ಪತ್ರಿಕೆಗಳು ಕಂಬಳಿಯ ಮೇಲೆ ಆಗಲೇ ಅಟ್ಟಿಯಾಗಿ ಕೂತಿದ್ದವು. ಅವರು ಸ್ನಾನಕ್ಕೆ ಹೋದಾಗ ಅಪ್ಪ ಪೆಟ್ಟಿಗೆಗಳನ್ನು ತಂದು ಬಿಚ್ಚಿದ್ದರು. ಮನೆಯವರೆಲ್ಲ ನೋಡಿದ್ದೆವು. ಪುಸ್ತಕಗಳನ್ನು ನವರಾತ್ರಿಯಲ್ಲಿ ಪೂಜೆಗೆ ಇಡುವುದು ಎಲ್ಲರ ಮನೆಯಲ್ಲೂ ಇದ್ದದ್ದರಿಂದ ಯಾರಿಗೂ ಅದು ವಿಪರೀತವೆನಿಸಲಿಲ್ಲ. ಮನೆ ಬಿಟ್ಟು ಹೋಗುವ ವಸ್ತುಗಳಿಗೆ ಒಂದು ಪೂಜೆಯಾಗಲಿ ಎಂದು ಅಜ್ಜಿ ಸಂತೋಷಪಟ್ಟರು.

ತಕ್ಕಡಿ, ಕಲ್ಲು, ಕೊಡತಿ, ಬೀಗದಕೈ ಆದವು. ಲೆಕ್ಕದ ಪುಸ್ತಕಗಳ ಒರಟು ರಟ್ಟು ಬಂತು. ಅದರ ಹಿಂದೆಯೇ ಅಪ್ಪ ಮೊದಲ ಸಂಚಿಕೆಯನ್ನು ಕೊಟ್ಟರು. ದೊಡ್ಡಪ್ಪನ ಮೂರು ಬೆರಳುಗಳು ಆಗಲೇ ವಿಭೂತಿಯಲ್ಲಿ ಅದ್ದಿ ತೊಟ್ಟಿಕ್ಕುತ್ತಿದ್ದವು. ಗೆರೆ ಎಳೆಯುತ್ತಿರುವಾಗ ಅವರಿಗೆ ಆ ನುಣುಪು ತಿಳಿಯಿತು. ಬೆರಳು ಕಾಗದದ ಮೇಲೇ ನಿಂತಿತು. ಎಡಗೈ ಬೆನ್ನನ್ನು ಸವರಿ ತಾವೇ ಹೊಲಿದ ದಾರವನ್ನು ಮುಟ್ಟಿತು.

ಅವರು ಅಪ್ಪನ ಕಡೆ ಮುಖ ತಿರುಗಿಸಿದರು. ಮಾತಾಡುವಂತಿರಲಿಲ್ಲ. ಎದುರಿಗೆ ತಾಯಿ ಕೈ ಮುಗಿದು ಕೂತಿದ್ದರು.

“ಶಿವ ಶಿವಾ ಅನ್ನಣ್ಣಯ್ಯ, ಯಾಕೆ ನಿಲ್ಲಿಸ್ದೆ?” ಎಂದರು ಅಪ್ಪ. ಎರಡನೆಯದನ್ನು ಕೊಟ್ಟರು.

ದೊಡ್ಡಪ್ಪ ತೆಗೆದುಕೊಂಡರು. ಮುಂದಿನದನ್ನೂ ತೆಗೆದುಕೊಂಡರು. ಅವುಗಳಲ್ಲೊಂದರ ಮುಖಪುಟದಲ್ಲಿ ಟೋಪಿ ಹಾಕಿದ ಆಂಗ್ಲ ತರುಣಿಯ ಪಟವಿತ್ತು. ಗೆರೆಗಳೂ ಕುಂಕುಮವೂ ಸರಿಯಾಗಿ ಅವಳ ಹಣೆಗೇ ಬಿದ್ದಾಗ ಅಪ್ಪ ಅದನ್ನು ಎತ್ತಿ ಹೆಂಗಸರ ಕಡೆ ಹಿಡಿದು, “ನೋಡ್ರವ್ವ, ಅಣ್ಣಯ್ಯ ಅವ್ಳಿಗೂ ಲಿಂಗದೀಕ್ಷೆ ಕೊಟ್ಬುಟ್ಟ” ಎಂದರು. ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕರು. ಅಜ್ಜಿಗೆ ನಿಜವಾಗಿ ನಗು ಬಂದಿತ್ತು.

ಅದಾದ ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಬೇರೊಂದು ರೀತಿ ಹಚ್ಚತೊಡಗಿದರು. ಸಂಚಿಕೆ ಕೈಗೆ ಬಂದ ಕೂಡಲೇ ಹೆಬ್ಬೆರಳಿನಿಂದ ಕೆಳ ಅಂಚನ್ನು ಹುಡುಕಿ, ಪಟ ಮುಗಿದು ಬಿಳಿ ಕಾಗದ ಇರುವ ಪಟ್ಟಿಯಲ್ಲಿ ಸಣ್ಣದಾಗಿ ಗೆರೆ ಎಳೆದು, ಚುಕ್ಕಿಯಿಟ್ಟು ಕೆಳಗಿಡುವುದು. ಪೂಜೆಯೂ ನಿಲ್ಲಲಿಲ್ಲ, ಪಟವೂ ಕೆಡಲಿಲ್ಲ. ಕಾಣದ ಕಣ್ಣಿನಲ್ಲಿ ಹನ್ನೆರಡಕ್ಕೂ ಹೆಚ್ಚು ಸಂಚಿಕೆಗಳನ್ನು ಅವರು ಹಾಗೆ ಉಳಿಸಿಕೊಂಡರು. ಅಪ್ಪ ಅದನ್ನು ಗಮನಿಸುತ್ತಿದ್ದರು. ಆಮೇಲೆ ಅಣ್ಣನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಮೇಲಕ್ಕೆ ಸರಿಸಿದರು.

“ಮಧ್ಯಕ್ಕೆ ಹಚ್ಚಣ್ಣಯ್ಯ. ಅಂಚಿಗೆ ಹಚ್ಚಿದ್ರೆ ಪೂಜೆ ಆಯ್ತದಾ? ಕೇಳವ್ವ, ನೀನೇ ಹೇಳು.”

ಅಜ್ಜಿ ಹೇಳಿದರು: “ನಡೂಕೆ ಹಚ್ಚು ಮಗಾ. ಕಣ್ಣು ಕಾಣಾಕಿಲ್ವಲ್ಲ, ತಮ್ಮ ತೋರುಸ್ತಾನೆ, ಹಚ್ಚು.”

ಉಳಿದವನ್ನೆಲ್ಲ ಅವರು ನಡುವಿಗೇ ಹಚ್ಚಿದರು. ಮಂಗಳಾರತಿಯಾಗುವ ಹೊತ್ತಿಗೆ ಸಜ್ಜಿಗೆ ತಣ್ಣಗಾಗಿತ್ತು.

ಈಚೆಗೆ, ಈ ಸಂಗ್ರಹವನ್ನು ಒಂದು ಸಂಸ್ಥೆಗೆ ಕೊಡಬೇಕೆಂದು ನಾನು ಕರೆಸಿದ್ದ ಮೌಲ್ಯಮಾಪಕರೊಬ್ಬರು ಒಂದೊಂದು ಮುಖಪುಟಕ್ಕೂ ‘ಕಲೆ’ ಎಂದು ಗುರುತು ಹಾಕಿಕೊಂಡು ಹೋದರು. ಅವರ ದೃಷ್ಟಿಯಲ್ಲಿ ಅದು ಸರಿ. ನಾನು ಅವನ್ನು ವರ್ಷಾನುಕ್ರಮದಲ್ಲಿ ಹರಡಿ ನೋಡಿದ್ದೇನೆ. ಮೊದಲ ಸಂಚಿಕೆಯಲ್ಲಿ ಆ ದಿನದ ಗೆರೆ ಅರ್ಧಕ್ಕೆ ನಿಂತು, ಅಲ್ಲಿ ಬೆರಳಿನ ನೀರು ಇಂಗಿ ದುಂಡಗೆ ಹರಡಿದೆ. ನಂತರ ಕೆಲವು ಅಡ್ಡಾದಿಡ್ಡಿ. ಆಮೇಲೆ ಗೆರೆಗಳು ಕೆಳ ಅಂಚಿಗೆ ಇಳಿಯುತ್ತವೆ, ಸಣ್ಣವಾಗುತ್ತವೆ, ಒಂದೇ ಅಳತೆಗೆ ಬರುತ್ತವೆ. ಒಂದು ಸಂಚಿಕೆಯಲ್ಲಿ ಅಂಚಿನಿಂದ ಹೊರಟ ಗೆರೆ ಮೇಲಕ್ಕೆ ಎಳೆದುಹೋಗಿದೆ: ಮಣಿಕಟ್ಟು ಹಿಡಿದ ಜಾಗ. ಅಲ್ಲಿಂದ ಮುಂದೆ ಎಲ್ಲವೂ ನಡುವಿನಲ್ಲಿ.

ವಿಜಯದಶಮಿ ಕಳೆದು ಸಾಹೇಬರು ಬಂದರು. ಜಗಲಿಯ ಮೇಲೆ ಪಂಚೆ ಹಾಸಿತ್ತು. ಮೊದಲ ಅಟ್ಟಿಯನ್ನು ಕಂಡ ಕೂಡಲೇ ಅವರು ಮೆಟ್ಟಿಲವರೆಗೆ ಹಿಂದೆ ಹೋಗಿ ಚಪ್ಪಲಿ ಬಿಟ್ಟು ಬಂದರು. ಕೈ ಮಾತ್ರ ಮುಂದೆ ಚಾಚಲಿಲ್ಲ. ಅಪ್ಪ ಪಕ್ಕದಲ್ಲೇ ನಿಂತು, ನೋಡಿ ಸಾಹೇಬ್ರೆ, ಎಲ್ಲ ನಿಮಗೇ ಎತ್ತಿಟ್ಟಿದ್ದೇವೆ ಎಂದರು.

“ಬರೀ ಕಲೆ ಆಗಿದ್ರೆ ಬೆಲೆ ಇಳಿಸಿ ತಗೋತಿದ್ದೆ ಯಜಮಾನ್ರೆ,” ಎಂದರು ಸಾಹೇಬರು. “ಇದು ಕಲೆ ಅಲ್ಲ, ಪೂಜೆ. ನನ್ನ ಅಂಗಡೀಲಿ ಜನ ಬೀಡಿ ಸೇದ್ತಾ ತಿರುವಿ ಹಾಕೋ ಮಾಲು. ನಾಳೆ ಯಾರೋ ಬಂದು, ನೋಡಿ, ಸಾಬಿ ಅಂಗಡೀಲಿ ವಿಭೂತಿ ಕಾಲ್ಕೆಳಗೆ ಬಿದ್ದದೆ ಅಂದ್ರೆ ನಾನು ಯಾರಿಗೆ ಅಂತ ಜವಾಬು ಹೇಳ್ಲಿ?”

“ಒರೆಸ್ಕೊಳಿ ಸಾಹೇಬ್ರೆ. ನಮ್ದೇನೂ ಅಡ್ಡಿ ಇಲ್ಲ.”

“ಒರೆಸೋ ಕೈ ನಂದಾಗ್ಬೇಕಲ್ಲ ಯಜಮಾನ್ರೆ.”

ಅಪ್ಪ ಒಪ್ಪಿದವರಂತೆ ತಲೆಯಾಡಿಸಿದರು. ಅಣ್ಣನ ಸಾಮಾನಿಗೆ ಪೂಜೆ ಮಾಡಿಸಿದ ತಮ್ಮನನ್ನು ಊರಿನಲ್ಲಿ ಯಾರೂ ಆಕ್ಷೇಪಿಸುವಂತಿರಲಿಲ್ಲ. ಸಾಹೇಬರೂ ಆಕ್ಷೇಪಿಸಲಿಲ್ಲ. ಅವರು ದೊಡ್ಡಪ್ಪನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಮಾಲು ಇಲ್ಲದಿದ್ದರೂ ನೀವು ಬನ್ನಿ, ಕೋಣೆ ಖಾಲಿಯೇ ಇದೆ, ಯಾವ ತಕಲೀಫೂ ಇಲ್ಲ ಎಂದರು. ಅದು ಮನಸ್ಸಿನಿಂದಲೇ ಹೇಳಿದ್ದೆಂದು ನಾನು ನಂಬುತ್ತೇನೆ.

ದೊಡ್ಡಪ್ಪ ಹೇಳಿದರು: “ಬರಿಗೈಲಿ ಬಂದ್ರೆ ಅಲ್ಲೂ ಒಂದು ಪಂಕ್ತಿ ಆಯ್ತದೆ ಸಾಹೇಬ್ರೆ. ಇಲ್ಲೀದೇ ಸಾಕು.”

ಸಾಹೇಬರು ಮತ್ತೆ ಬರಲಿಲ್ಲ. ಅಂದು ಮಧ್ಯಾಹ್ನ ದೊಡ್ಡಪ್ಪ ಕೊನೆಯ ಎಲೆಯ ಮುಂದೆ ಕೂತರು. ಅಪ್ಪ ತುಪ್ಪ ಬಡಿಸಲು ಹೇಳಿದರು.

ಕಾಗದದ ಅಭಾವವಾಗಿ, ಕೊರಟಗೆರೆಯ ದಿನಸಿ ಅಂಗಡಿಯವನೊಬ್ಬ ಪೊಟ್ಟಣ ಕಟ್ಟಲು ಹಳೆಯ ಪತ್ರಿಕೆಗಳನ್ನು ಹುಡುಕಿಕೊಂಡು ಬಂದಾಗ ಅಪ್ಪ ಅವನ್ನು ತೂಕಕ್ಕೆ ಹಾಕಲು ಹೊರಟರು. ಆಗ ಅಜ್ಜಿ ಬಿಡಲಿಲ್ಲ. ವಿಭೂತಿ ಹಚ್ಚಿದ ಕಾಗದದಲ್ಲಿ ಮೆಣಸಿನಕಾಯಿ ಕಟ್ಟಿ, ಜನ ಅದನ್ನು ತಿಪ್ಪೆಗೆ ಎಸೆದರೆ ಮನೆಗೆ ಒಳಿತಾಗುತ್ತದೆಯೇ ಎಂದರು. ಅಪ್ಪ ಅಂಗಡಿಯವನನ್ನು ಹಿಂದಕ್ಕೆ ಕಳಿಸಿದರು. ಪತ್ರಿಕೆಗಳು ಮುರಿದ ತಕ್ಕಡಿಯ ಪಕ್ಕದಲ್ಲಿ ಅಟ್ಟ ಸೇರಿದವು.

ಮುಂದಿನ ವರ್ಷದ ಆಯುಧಪೂಜೆಯಲ್ಲಿ ತಕ್ಕಡಿ, ಕಲ್ಲು, ಕೊಡತಿ ಮುಗಿದ ಮೇಲೆ ಅಪ್ಪ ಮಂಗಳಾರತಿಯ ತಟ್ಟೆಗೆ ಕೈ ಹಾಕಿದರು. ದೊಡ್ಡಪ್ಪ ಮಣೆಯಿಂದ ಏಳಲಿಲ್ಲ. ಅಂಗೈ ಚಾಚಿ, ಮುಖವನ್ನು ಅಟ್ಟದ ಕಡೆಗೆ ಎತ್ತಿದರು. ಆ ಹೊತ್ತಿಗೆ ಅವರಿಗೆ ಕಿಟಕಿಯ ಬೆಳಕೂ ಹೋಗಿತ್ತು, ಆದರೆ ಅಟ್ಟ ಎಲ್ಲಿದೆಯೆಂದು ತಿಳಿದಿತ್ತು. ಅಜ್ಜಿ ಮೊದಲು ಅರ್ಥ ಮಾಡಿಕೊಂಡರು. ಒಂದು ಸಲ ಕೂರಿಸಿದ ಮೇಲೆ ಬಿಡುವಂತಿಲ್ಲವಲ್ಲ, ಇಳಿಸು ಎಂದರು. ಕಿರಿಯವನೇ ಇಳಿಸಬೇಕು, ಕಿರಿಯವನೇ ಕೊಡಬೇಕು. ಅಪ್ಪ ಏಣಿ ಹತ್ತಿದರು.

ದೊಡ್ಡಪ್ಪ ಒಂದೊಂದು ಸಂಚಿಕೆಯನ್ನೂ ತೊಡೆಯ ಮೇಲಿಟ್ಟುಕೊಂಡು, ಮೊದಲು ಎರಡೂ ಬದಿಯ ಅಂಚನ್ನು ಸವರಿದರು. ಗೇಣು ಇಟ್ಟು ಅಗಲ ಅಳೆದರು. ಉದ್ದ ಅಳೆದರು. ನಡು ಎಲ್ಲಿದೆಯೆಂದು ತೋರುಬೆರಳಿನಿಂದ ಗೊತ್ತು ಮಾಡಿಕೊಂಡು, ಅಲ್ಲಿಗೆ ಸರಿಯಾಗಿ ಗೆರೆ ಎಳೆದರು. ಎಳೆದದ್ದು ನಡುವಿನಲ್ಲಿದೆಯೇ ಎಂದು ತಮ್ಮನ ಕಡೆ ತಿರುಗಿಸಿ ತೋರಿಸಿದರು. ಅಪ್ಪ ಹೂಂ ಎನ್ನುವವರೆಗೆ ಕೆಳಗಿಡುತ್ತಿರಲಿಲ್ಲ. ಸಂಚಿಕೆಗಳು ಮುಗಿಯುವ ವೇಳೆಗೆ ಬೀದಿಯಲ್ಲಿ ದನಗಳು ಮನೆಗೆ ಹಿಂದಿರುಗುತ್ತಿದ್ದವು. ಹೆಂಗಸರು ಹಸಿದೇ ಕೂತಿದ್ದರು. ಪೂಜೆಯಲ್ಲಿ ಕೂತವರನ್ನು ಅವಸರಪಡಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ದೊಡ್ಡಪ್ಪನ ಮುಖದಲ್ಲಿ ಭಕ್ತಿಯಲ್ಲದೆ ಬೇರೇನನ್ನೂ ತೋರಿಸಿ ದೂರಲು ಸಾಧ್ಯವಿರಲಿಲ್ಲ. ಹಿಂದಿನ ವರ್ಷ ಅಪ್ಪನ ಮುಖವೂ ಹಾಗೇ ಇತ್ತು.

ಅದರಾಚೆಗಿನ ವರ್ಷಗಳಲ್ಲೂ ಹಾಗೆಯೇ ಆಯಿತು, ಪ್ರತಿ ವರ್ಷ ಇನ್ನಷ್ಟು ನಿಧಾನವಾಗಿ. ಒಂದು ಮಾತು ಸೇರಿಸಬೇಕು: ಈ ಸಂಗ್ರಹ ಇಂದಿಗೂ ಹುಳ ಹೊಡೆಯದೆ ಉಳಿದಿರುವುದಕ್ಕೆ ಲಕ್ಕಿಸೊಪ್ಪು ಕಾರಣವಲ್ಲ. ಅಟ್ಟದ ಮೇಲೆ ಸೊಪ್ಪು ಇಡುವವರು ಯಾರೂ ಇರಲಿಲ್ಲ. ವರ್ಷಕ್ಕೊಮ್ಮೆ ಇಳಿದು, ಒಂದೊಂದಾಗಿ ಕೈಗೆ ಬಂದು, ದಿನವಿಡೀ ಸಾಂಬ್ರಾಣಿ ಹೊಗೆಯಲ್ಲಿ ಕೂತದ್ದೇ ಅವನ್ನು ಕಾಪಾಡಿತು. ಮೌಲ್ಯಮಾಪಕರು ಕಲೆಗಳನ್ನು ಬಿಟ್ಟರೆ ಕಾಗದ ಆಶ್ಚರ್ಯವೆನಿಸುವಷ್ಟು ಗಟ್ಟಿಯಾಗಿದೆ ಎಂದರು.

ದೊಡ್ಡಪ್ಪ ಕೊನೆಯ ಸಲ ಪೂಜೆಗೆ ಕೂತದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಇದರಲ್ಲಿ ಅನುಮಾನವಿಲ್ಲ, ಮಹಾರಾಜರು ಜವಾಬ್ದಾರಿ ಸರ್ಕಾರ ಕೊಡಬೇಕೆಂಬ ಮೆರವಣಿಗೆಗಳ ಸುದ್ದಿಯನ್ನು ಪಾವಗಡದವರು ಆ ದಿನ ಜಗಲಿಯಲ್ಲಿ ಆಡುತ್ತಿದ್ದರು. ಅಪ್ಪನಿಗೆ ಆಗ ಸಿಹಿಮೂತ್ರದ ಕಾಯಿಲೆ. ವೈದ್ಯರು ಹಸಿದಿರಬಾರದೆಂದು ಹೇಳಿದ್ದರು. ಅಟ್ಟಿ ಅರ್ಧಕ್ಕೆ ಬರುವ ವೇಳೆಗೆ ಅವರ ಹಣೆ ಬೆವರಿತು. ಅವರು ಕಂಬಕ್ಕೆ ಒರಗಿದರು.

“ಅಣ್ಣಯ್ಯ, ಸಾಕು ಬುಡು. ಉಳಿದಿದ್ದು ಬರೋ ವರ್ಷ ಹಚ್ಚಾನ. ನನ್ಕೈಲಿ ಆಯ್ತಿಲ್ಲ.”

ದೊಡ್ಡಪ್ಪ ಮಾತಾಡುವಂತಿರಲಿಲ್ಲ. ವಿಭೂತಿ ತೊಟ್ಟಿಕ್ಕುವ ಬಲಗೈಯನ್ನು ಬಟ್ಟಲಿನ ಮೇಲೆ ಹಿಡಿದು, ಎಡ ಅಂಗೈಯನ್ನು ತಮ್ಮನ ಕಡೆ ಚಾಚಿದರು. ಅದು ಅಲ್ಲಾಡಲಿಲ್ಲ. ಅಪ್ಪ ತಾಯಿಯ ಕಡೆ ನೋಡಿದರು. ಅಜ್ಜಿಗೆ ಆಗ ಕಿವಿ ಕೇಳಿಸುತ್ತಿರಲಿಲ್ಲ. ಅವರು ಕೈ ಮುಗಿದೇ ಇದ್ದರು. ನನ್ನ ತಾಯಿ ಬೆಲ್ಲದ ಚೂರು ತರಲು ಎದ್ದವರು, ಪೂಜೆಯ ನಡುವೆ ಬಾಯಿಗೆ ಹಾಕುವುದು ಹೇಗೆಂದು ಬಾಗಿಲಲ್ಲೇ ನಿಂತರು.

ಆಮೇಲೆ ಅಪ್ಪ ಬಗ್ಗಿ ಮುಂದಿನ ಸಂಚಿಕೆಯನ್ನು ಎತ್ತಿಕೊಂಡರು.

ನೀರು ಸೇರಿದ ವಿಭೂತಿ ಒಣಗಿ ಉದುರಿ, ನೀರಿನ ಗೆರೆಯನ್ನಷ್ಟೇ ಬಿಟ್ಟುಹೋಗುತ್ತದೆ. ಕುಂಕುಮ ಕಾಗದದಲ್ಲಿ ಉಳಿಯುತ್ತದೆ. ವರ್ಷಕ್ಕೊಂದರಂತೆ ಇಟ್ಟ ಚುಕ್ಕಿಗಳನ್ನು ನಾನು ಪ್ರತಿಯೊಂದು ಮುಖಪುಟದ ಮೇಲೂ ಎಣಿಸಿದ್ದೇನೆ. ಮೊದಲ ವರ್ಷ ಅಂಚಿಗೆ ಹಚ್ಚಿ ಉಳಿಸಿಕೊಂಡಿದ್ದ ಸಂಚಿಕೆಗಳ ನಡುವಿನಲ್ಲಿ ಒಂದು ಚುಕ್ಕಿ ಕಡಿಮೆ ಇದೆ. ಅದು ಕೆಳಗೆ ಅಂಚಿನಲ್ಲಿದೆ. ಬೇರೆ ಯಾವುದರಲ್ಲೂ ಕಡಿಮೆಯಿಲ್ಲ. ಕೊನೆಯ ವರ್ಷದ್ದೂ ಒಂದೂ ತಪ್ಪದೆ ಎಲ್ಲದರ ಮೇಲೂ ಇದೆ.